ಆರು ಡೊಮೇನ್, ಒಂದೇ ಸರ್ವರ್: ಕ್ಯಾಡಿ ಬಳಸಿ ಎರಡು ವರ್ಷ

ಕೋಲಾರದ ಡೂಂ ಲೈಟ್ ಸರ್ಕಲ್ ಹತ್ತಿರ ನನ್ನದೊಂದು ಚಿಕ್ಕ ಕಂಪ್ಯೂಟರ್ ಅಂಗಡಿ ಇದೆ. ಹಗಲು ಜೆರಾಕ್ಸ್, ಆನ್‌ಲೈನ್ ಅರ್ಜಿ. ಸಂಜೆ ಮೇಲೆ ಊರಿನವರಿಗೆ ವೆಬ್‌ಸೈಟ್ ಮಾಡಿಕೊಡುತ್ತೇನೆ. ಈಗ ಆರು ಡೊಮೇನ್, ಅಂದರೆ ಆರು ಸೈಟ್ ಹೆಸರು, ನನ್ನ ಕೈಯಲ್ಲಿವೆ. ಟೊಮೆಟೊ ಮಂಡಿಯ ದಿನದ ರೇಟ್ ತೋರಿಸುವುದು ಒಂದು. ಶ್ರೀನಿವಾಸಪುರದ ಮಾವಿನ ತೋಟದವರ ಆರ್ಡರ್ ಸೈಟ್ ಇನ್ನೊಂದು. ಆಮೇಲೆ ಕಲ್ಯಾಣ ಮಂಟಪದ ಬುಕಿಂಗ್, ಟ್ಯೂಷನ್ ಸೆಂಟರಿನ ಹಾಜರಿ, ನಮ್ಮ ಮಾವನ ಡ್ರಿಪ್ ಪೈಪ್ ಅಂಗಡಿ, ಕೊನೆಗೆ ನನ್ನದೇ ಒಂದು. ಎಲ್ಲವೂ ಇರುವುದು ಬಾಡಿಗೆಯ ಒಂದು ಸರ್ವರಿನಲ್ಲಿ. 2 ಜಿಬಿ ಮೆಮೊರಿ, ತಿಂಗಳಿಗೆ ಸುಮಾರು ಸಾವಿರ ರೂಪಾಯಿ.

ಒಂದೇ ಐಪಿ ವಿಳಾಸದಲ್ಲಿ (ಇಂಟರ್ನೆಟ್ಟಿನಲ್ಲಿ ಸರ್ವರಿನ ನಂಬರ್) ಆರು ಸೈಟ್ ಹೇಗೆ ಅಂತ ಮಂಡಿ ಮಾಲೀಕರು ಒಮ್ಮೆ ಕೇಳಿದ್ದರು. ನಿಮ್ಮ ಎಪಿಎಂಸಿ ಯಾರ್ಡ್ ಇದ್ದ ಹಾಗೆ ಅಂದೆ. ಗೇಟ್ ಒಂದೇ, ಒಳಗೆ ಮಂಡಿಗಳು ಬೇರೆ ಬೇರೆ. ಗಾಡಿಯವನು ಮಂಡಿ ಹೆಸರು ಹೇಳುತ್ತಾನೆ, ಆ ಕಡೆ ಕಳಿಸುತ್ತಾರೆ. ಬ್ರೌಸರ್ ಕೂಡ ಪ್ರತಿ ಸಲ ತನಗೆ ಬೇಕಾದ ಡೊಮೇನ್ ಹೆಸರನ್ನು ಹೇಳಿಯೇ ಕೇಳುತ್ತದೆ. ಬ್ರೌಸರ್, ಸರ್ವರ್ ಮಾತಾಡಿಕೊಳ್ಳುವ ನಿಯಮವಾದ, 1997ರಲ್ಲಿ ಬಂದ ಎಚ್‌ಟಿಟಿಪಿ 1.1ರಲ್ಲಿ ಹೀಗೆ ಹೆಸರು ಹೇಳುವುದು ಕಡ್ಡಾಯವಾಯಿತು. ಗೇಟಿನಲ್ಲಿ ನಿಂತು ಆ ಹೆಸರು ಕೇಳಿ ದಾರಿ ತೋರಿಸುವ ಕೆಲಸ ವೆಬ್ ಸರ್ವರ್ ಅನ್ನುವ ಸಾಫ್ಟ್‌ವೇರಿನದು. ನಾನು ಹೇಳಹೊರಟಿರುವುದು ಆ ಕೆಲಸ ಮಾಡುವ ಕ್ಯಾಡಿ ಬಗ್ಗೆ.

ಮೊದಲು ಇದೇ ಕೆಲಸಕ್ಕೆ ಎನ್‌ಜಿನ್ಎಕ್ಸ್ ಬಳಸುತ್ತಿದ್ದೆ. ಒಳ್ಳೆಯ ಸಾಫ್ಟ್‌ವೇರ್, ಅದರ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಒಬ್ಬನೇ ಆರು ಸೈಟ್ ನೋಡಿಕೊಳ್ಳುವಾಗ ಸರ್ಟಿಫಿಕೇಟ್ (ಸೈಟ್ ಅಸಲಿ ಅಂತ ಬ್ರೌಸರಿಗೆ ತೋರಿಸುವ ಗುರುತು) ವಿಷಯ ಬೇರೆ, ಕಾನ್ಫಿಗ್ (ವೆಬ್ ಸರ್ವರಿನ ಸೆಟ್ಟಿಂಗ್ ಫೈಲು) ಬೇರೆ ಅಂತ ಎರಡೂ ಕಡೆ ಕಣ್ಣಿಡಬೇಕಾಗುತ್ತದೆ. ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಸಂಸ್ಥೆ ಕೊಡುವ ಉಚಿತ ಸರ್ಟಿಫಿಕೇಟ್ 90 ದಿನಕ್ಕೆ ಮುಗಿಯುತ್ತದೆ. ಅದನ್ನು ನವೀಕರಿಸುವ ಪ್ರೋಗ್ರಾಂ ಅನ್ನು ನಾನು ಬೇರೆಯಾಗಿ ಹಾಕಿದ್ದೆ. 2023ರ ಬೇಸಿಗೆಯಲ್ಲಿ ಫೈರ್‌ವಾಲ್ ಬಿಗಿ ಮಾಡಲು ಹೋಗಿ ಸರ್ವರಿನ ಒಂದು ಬಾಗಿಲಾದ ಪೋರ್ಟ್ 80 ಮುಚ್ಚಿಬಿಟ್ಟೆ. ಡೊಮೇನ್ ನನ್ನದೇನಾ ಅಂತ ನೋಡುವ ನವೀಕರಣದ ಪರೀಕ್ಷೆ ನಡೆಯುತ್ತಿದ್ದದ್ದೇ ಆ ಪೋರ್ಟಿನಲ್ಲಿ. ಅದು ದಿನಾ ಸದ್ದಿಲ್ಲದೆ ಫೇಲ್ ಆಗುತ್ತಿತ್ತು. ಎಚ್ಚರಿಕೆಯ ಇಮೇಲ್‌ಗಳು ನಾನು ತೆರೆಯದ ಹಳೇ ವಿಳಾಸಕ್ಕೆ ಹೋಗುತ್ತಿದ್ದವು.

ಜುಲೈನಲ್ಲಿ ಸರ್ಟಿಫಿಕೇಟ್ ಮುಗಿದು, ಒಂದು ಬೆಳಗ್ಗೆ ಮಂಡಿಯಿಂದ ಫೋನ್. "ಏನಪ್ಪಾ, ರೇಟ್ ನೋಡೋಕೆ ಹೋದ್ರೆ ಕಳ್ಳರ ಸೈಟು ಅನ್ನೋ ಥರ ಕೆಂಪಗೆ ಬರ್ತಿದೆ. ರೈತರು ನನ್ನನ್ನ ಕೇಳ್ತಿದ್ದಾರೆ." ಆ ತಿಂಗಳು ನೆನಪಿದೆ ಅಲ್ವಾ? ಟೊಮೆಟೊದ 15 ಕೆಜಿ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತ್ತು. ಇವತ್ತು ಕೊಯ್ಯಬೇಕಾ, ನಾಳೆ ಕೊಯ್ಯಬೇಕಾ ಅಂತ ರೈತ ಆ ಪುಟ ನೋಡಿ ಲೆಕ್ಕ ಹಾಕುತ್ತಿದ್ದ. ಅಂಥ ದಿನವೇ ಪುಟ ತೆರೆಯಲಿಲ್ಲ. ತಪ್ಪು ನನ್ನದೇ. ಅವತ್ತಿಡೀ ಮನಸ್ಸಿಗೆ ಬೇಜಾರಾಗಿತ್ತು.

ಮುಂದಿನ ತಿಂಗಳೇ ಕ್ಯಾಡಿಗೆ ಬದಲಾದೆ. ಇದು ಗೋ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಉಚಿತ, ಓಪನ್ ಸೋರ್ಸ್ ಸಾಫ್ಟ್‌ವೇರ್. ಮ್ಯಾಟ್ ಹೋಲ್ಟ್ ಶುರು ಮಾಡಿದ್ದು. ಮೊದಲು ಬಂದದ್ದು 2015ರಲ್ಲಿ, ಈಗ ಎಲ್ಲರೂ ಬಳಸುವ ಎರಡನೇ ಆವೃತ್ತಿ 2020ರಲ್ಲಿ. ಒಂದು ಸೈಟಿಗೆ ಬೇಕಾದದ್ದು ಮೂರು ಸಾಲು. ಡೊಮೇನ್ ಹೆಸರು ಬರೆದು ಬ್ರಾಕೆಟ್ ತೆರೆಯಿರಿ, ರಿವರ್ಸ್ ಪ್ರಾಕ್ಸಿ (ಬಂದವರನ್ನು ಒಳಗಿನ ಆ್ಯಪ್ ಕಡೆ ಕಳಿಸು ಅನ್ನುವ ಆಜ್ಞೆ) ಅಂತ ಹಾಕಿ ನಿಮ್ಮ ಆ್ಯಪ್ ಓಡುತ್ತಿರುವ ಪೋರ್ಟ್ ಕೊಡಿ, ಬ್ರಾಕೆಟ್ ಮುಚ್ಚಿ. ಅಷ್ಟೇ. ಮಂಡಿಯ ನೋಡ್ ಆ್ಯಪ್ 3000ದಲ್ಲಿ, ಮಂಟಪದ ಜ್ಯಾಂಗೊ ಆ್ಯಪ್ 8000ದಲ್ಲಿ. ನೋಡ್, ಜ್ಯಾಂಗೊ ಅಂದರೆ ಆ್ಯಪ್ ಬರೆಯುವ ಸಾಧನಗಳು. ಈ ಪೋರ್ಟ್‌ಗಳು ಹೊರಗಿನವರಿಗೆ ಕಾಣುವುದಿಲ್ಲ. ಎಚ್‌ಟಿಟಿಪಿಎಸ್, ಅಂದರೆ ಸರ್ಟಿಫಿಕೇಟ್ ಬಳಸುವ ಸುರಕ್ಷಿತ ಸಂಪರ್ಕದ ಬಗ್ಗೆ ಒಂದಕ್ಷರವೂ ಬರೆಯಬೇಕಿಲ್ಲ. ಸರ್ಟಿಫಿಕೇಟ್ ಅದೇ ತರುತ್ತದೆ, ಅವಧಿ ಮೂರನೇ ಒಂದು ಭಾಗ ಉಳಿದಾಗ ಅದೇ ನವೀಕರಿಸುತ್ತದೆ.

ನನಗೆ ಇಷ್ಟವಾದದ್ದು ಇನ್ನೊಂದಿದೆ. ಪೋರ್ಟ್ 80ರಲ್ಲಿ ಪರೀಕ್ಷೆ ಆಗದಿದ್ದರೆ ಅದು ಕೈಚೆಲ್ಲುವುದಿಲ್ಲ, ಎಚ್‌ಟಿಟಿಪಿಎಸ್ ನಡೆಯುವ ಪೋರ್ಟ್ 443ರಲ್ಲೇ ಬೇರೆ ವಿಧಾನದಲ್ಲಿ ಪ್ರಯತ್ನಿಸುತ್ತದೆ. ಲೆಟ್ಸ್ ಎನ್‌ಕ್ರಿಪ್ಟ್ ಕಡೆಯೇ ತೊಂದರೆ ಇದ್ದರೆ ಸರ್ಟಿಫಿಕೇಟ್ ಕೊಡುವ ಇನ್ನೊಂದು ಸಂಸ್ಥೆಯಾದ ಜೀರೋಎಸ್‌ಎಸ್‌ಎಲ್ ಬಳಿ ಕೇಳುತ್ತದೆ. ಅದಕ್ಕಾಗಿ ಕಾನ್ಫಿಗ್ ಫೈಲಿನ ಮೇಲುಗಡೆ ನಿಮ್ಮ ಇಮೇಲ್ ಕೊಟ್ಟಿರಿ. ನಾನು 2023ರಲ್ಲಿ ಮಾಡಿದ ತಪ್ಪನ್ನೇ ಇವತ್ತು ಮಾಡಿದರೂ ಮಂಡಿಯ ಪುಟ ತೆರೆಯುತ್ತದೆ. ನನ್ನ ಮಟ್ಟಿಗೆ ಇದೊಂದೇ ಕಾರಣ ಸಾಕು.

ಈಗಂತೂ ಇದು ಇನ್ನೂ ಮುಖ್ಯ. 2025ರ ಜೂನ್‌ನಿಂದ ಲೆಟ್ಸ್ ಎನ್‌ಕ್ರಿಪ್ಟ್ ಅವಧಿ ಮುಗಿಯುವ ಎಚ್ಚರಿಕೆಯ ಇಮೇಲ್ ಕಳಿಸುವುದನ್ನೇ ನಿಲ್ಲಿಸಿದೆ. 2029ರ ಹೊತ್ತಿಗೆ ಯಾರೇ ಕೊಡುವ ಸರ್ಟಿಫಿಕೇಟ್ ಆದರೂ 47 ದಿನಕ್ಕಿಂತ ಜಾಸ್ತಿ ಇರುವಂತಿಲ್ಲ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಕೈಯಲ್ಲೇ ಮಾಡುತ್ತೇನೆ ಅನ್ನುವ ಕಾಲ ಮುಗಿಯಿತು.

ಕೊರತೆಗಳೂ ಇವೆ. ಅಪಾಚೆ ಅನ್ನುವ ಇನ್ನೊಂದು ವೆಬ್ ಸರ್ವರಿನಿಂದ ಬರುವವರು ಗಮನಿಸಿ: ಅಲ್ಲಿನ ಸೆಟ್ಟಿಂಗ್ ಇರುವ ಡಾಟ್ ಎಚ್‌ಟಿಆಕ್ಸೆಸ್ ಫೈಲನ್ನು ಇದು ಓದುವುದೇ ಇಲ್ಲ. ಮಾವಿನ ಸೈಟ್ ವರ್ಡ್‌ಪ್ರೆಸ್ ಅನ್ನುವ ಸೈಟ್ ಕಟ್ಟುವ ಸಾಫ್ಟ್‌ವೇರಿನದು. ಅದರ ಲಿಂಕ್‌ಗಳು ತೊಂದರೆಯಿಲ್ಲದೆ ನಡೆದವು, ಆದರೆ ಒಂದು ವಿಳಾಸದಿಂದ ಇನ್ನೊಂದಕ್ಕೆ ಕಳಿಸುವ ಹಳೇ ರೀಡೈರೆಕ್ಟ್‌ಗಳನ್ನೆಲ್ಲ ಕೂತು ಮತ್ತೆ ಬರೆದೆ. ವರ್ಡ್‌ಪ್ರೆಸ್ ಬರೆದಿರುವ ಪಿಎಚ್‌ಪಿ ಭಾಷೆಯನ್ನು ನಡೆಸುವ ಪ್ರೋಗ್ರಾಂ ಅನ್ನು ನೀವೇ ಬೇರೆ ಹಾಕಿಕೊಳ್ಳಬೇಕು. ಸಬ್‌ಡೊಮೇನ್‌ಗಳಿಗೆಲ್ಲ ಸೇರಿಸಿ ಒಂದೇ ಸರ್ಟಿಫಿಕೇಟ್ ಬೇಕಾದರೆ ನಿಮ್ಮ ಡಿಎನ್‌ಎಸ್ ಕಂಪನಿಯ (ಡೊಮೇನ್ ಯಾವ ಸರ್ವರಿಗೆ ಹೋಗಬೇಕು ಅಂತ ಹೇಳುವವರು) ಪ್ಲಗಿನ್ ಸೇರಿಸಿದ ಕ್ಯಾಡಿಯೇ ಬೇಕು. ಹೊಸಬರಿಗೆ ಇದು ತಲೆನೋವು. ಇನ್ನು, ಡೊಮೇನ್ ನಿಮ್ಮ ಸರ್ವರಿಗೆ ತಿರುಗುವ ಮೊದಲೇ ಹೆಸರು ಸೇರಿಸಬೇಡಿ. ಒಂದು ಹೆಸರಿಗೆ ಗಂಟೆಗೆ ಐದು ಸಲ ಪರೀಕ್ಷೆ ತಪ್ಪಿದರೆ ಲೆಟ್ಸ್ ಎನ್‌ಕ್ರಿಪ್ಟ್ ತಡೆಯುತ್ತದೆ, ಸುಮ್ನೆ ಕಾಯಬೇಕಾಗುತ್ತದೆ.

ಕ್ಯಾಡಿ ಕಾಯದ ಒಂದು ವಿಷಯವನ್ನು ಹೇಳಲೇಬೇಕು. ಕಳೆದ ಮೇ ತಿಂಗಳಲ್ಲಿ ಮಂಟಪದ ಆ್ಯಪ್ ವರ್ಷದ ಲೆಕ್ಕದ ರಿಪೋರ್ಟ್ ತಯಾರಿಸುವಾಗ ಮೆಮೊರಿಯನ್ನೆಲ್ಲ ನುಂಗಿತು. ಸರ್ವರನ್ನು ನಡೆಸುವ ಲಿನಕ್ಸ್ ಉಳಿದದ್ದನ್ನು ಉಳಿಸಲು ಮಾವಿನ ಸೈಟಿನ ಮಾಹಿತಿ ಇರುವ ಡೇಟಾಬೇಸನ್ನು ಕೊಂದುಹಾಕಿತು. ಬಾದಾಮಿ, ರಸಪುರಿ ಆರ್ಡರ್ ಬರುವ ಕಾಲದಲ್ಲಿ ಮಾವಿನ ಸೈಟ್ ಮುಕ್ಕಾಲು ಗಂಟೆ ನಿಂತಿತು. ಆಮೇಲೆ ಪ್ರತಿ ಆ್ಯಪ್‌ಗೂ ಬೇರೆ ಯೂಸರ್ ಮಾಡಿದೆ, ಲಿನಕ್ಸ್‌ನಲ್ಲಿ ಪ್ರೋಗ್ರಾಂಗಳನ್ನು ನಡೆಸುವ ಸಿಸ್ಟಮ್‌ಡಿಯಲ್ಲಿ ಮೆಮೊರಿಗೆ ಮಿತಿ ಹಾಕಿದೆ. ಈಗ ಮಂಟಪದ್ದು ಮಿತಿ ಮೀರಿದರೆ ಅದೊಂದೇ ಬಿದ್ದು ಏಳುತ್ತದೆ, ಪಕ್ಕದವರಿಗೆ ತಾಕುವುದಿಲ್ಲ. ಒಂದೇ ಸರ್ವರಿನಲ್ಲಿ ನಾಲ್ಕು ಜನರ ವ್ಯಾಪಾರ ಇಡುವವರು ಈ ಕೆಲಸವನ್ನು ಮೊದಲ ದಿನವೇ ಮಾಡಿ.

ಐದರಿಂದ ಹತ್ತು ಚಿಕ್ಕ ಸೈಟ್ ಇಟ್ಟುಕೊಂಡು ಒಬ್ಬರೇ ನೋಡಿಕೊಳ್ಳುವವರಿಗೆ ನಾನು ಕ್ಯಾಡಿಯನ್ನೇ ಹೇಳುತ್ತೇನೆ, ಐದಕ್ಕೆ ನಾಲ್ಕೂವರೆ ಅಂಕ. ಕಮಾಂಡ್ ಲೈನ್ ಮುಟ್ಟಿಯೇ ಇಲ್ಲದವರಿಗೆ ಕಂಟ್ರೋಲ್ ಪ್ಯಾನೆಲ್ ಇರುವ ಹೋಸ್ಟಿಂಗೇ ವಾಸಿ. ಸರ್ವರ್ ಬದಲಾಯಿಸುವಾಗ ಕ್ಯಾಡಿಯ ಡೇಟಾ ಫೋಲ್ಡರನ್ನೂ ಜೊತೆಗೆ ಒಯ್ಯಿರಿ. ಸರ್ಟಿಫಿಕೇಟ್‌ಗಳು ಇರುವುದು ಅಲ್ಲೇ.