ಹಳೆಯ ಬೇಸಿನ್, ಕಮೋಡ್ ಕಳಚಲು ಹೋಗಿ ನಾನು ಮಾಡಿಕೊಂಡ ಅನಾಹುತ

ಬಚ್ಚಲುಮನೆಗೆ ಹೊಸ ಬೇಸಿನ್ ಮತ್ತು ಕಮೋಡ್ ಕೂರಿಸಲು ಪ್ಲಂಬರ್ ಬರುವುದರೊಳಗೆ, ಹಳೆಯವನ್ನು ನಾನೇ ಕಳಚಿಡಬಹುದೆಂದು ಭಾವಿಸಿದ್ದೆ. ಜೋಡಿಸುವುದು ಕಷ್ಟ, ಬಿಚ್ಚುವುದು ಸುಲಭ ಎಂಬ ಆ ಲೆಕ್ಕಾಚಾರ ತಲೆಕೆಳಗಾಗಲು ಅರ್ಧ ಗಂಟೆಯೂ ಹಿಡಿಯಲಿಲ್ಲ.

ಮೊದಲು ಮುಖ್ಯ ಗೇಟ್ ವಾಲ್ವನ್ನು ತಿರುಗುವಷ್ಟೂ ತಿರುಗಿಸಿ ಮುಚ್ಚಿದೆ. ಆದರೂ ಬೇಸಿನ್ನಿನ ನಲ್ಲಿಯಲ್ಲಿ ನೀರು ನೂಲಿನಂತೆ ಇಳಿಯುತ್ತಲೇ ಇತ್ತು. ಪೈಪಿನಲ್ಲಿ ಉಳಿದದ್ದಿರಬೇಕೆಂದು, ಅದು ನಿಲ್ಲುವವರೆಗೂ ಕಾಯದೆ ಕೆಲಸಕ್ಕಿಳಿದೆ. ವರ್ಷಗಟ್ಟಲೆ ಮುಟ್ಟದ ಗೇಟ್ ವಾಲ್ವಿನ ತಳದಲ್ಲಿ ಕಸವೂ ಸುಣ್ಣದ ಪದರವೂ ಕೂತಿದ್ದರೆ ಒಳಗಿನ ಗೇಟು ಪೂರ್ತಿ ಇಳಿಯುವುದಿಲ್ಲ. ಹಿಡಿ ಬಿಗಿಯಾದ ಮಾತ್ರಕ್ಕೆ ನೀರು ನಿಂತಿದೆ ಎಂದು ತಿಳಿಯಬಾರದು. ಎಲ್ಲಕ್ಕಿಂತ ಕೆಳಗಿನ ನಲ್ಲಿಯನ್ನು ತೆರೆದಿಟ್ಟು, ಕೊನೆಯ ಹನಿಯೂ ನಿಂತ ಮೇಲೆಯೇ ರೆಂಚ್ ಕೈಗೆತ್ತಿಕೊಳ್ಳಬೇಕಿತ್ತು.

ಗೋಡೆಯಲ್ಲಿದ್ದ ಆಂಗಲ್ ಕಾಕ್ (ನೀರು ಬಿಡುವ, ನಿಲ್ಲಿಸುವ ಸಣ್ಣ ವಾಲ್ವ್) ತುಕ್ಕು ಹಿಡಿದು ಅಲುಗದಿದ್ದಾಗ, ಪೈಪ್ ರೆಂಚಿನ ಮೇಲೆ ಮೈಭಾರವನ್ನೆಲ್ಲ ಬಿಟ್ಟೆ. ಕಾಕ್ ತಿರುಗಿತು ನಿಜ, ಆದರೆ ಥ್ರೆಡ್ ಬಿಚ್ಚಿಕೊಂಡು ಅಲ್ಲ: ಗೋಡೆಯೊಳಗಿನ ಜಿಐ ನಿಪ್ಪಲ್ (ಸತು ಲೇಪಿಸಿದ ಕಬ್ಬಿಣದ ಗಿಡ್ಡ ಪೈಪ್ ತುಂಡು), ಪೈಪ್ ತಿರುಗುವ ಮೂಲೆಯ ಜೋಡಣೆಯಾದ ಎಲ್ಬೋವಿನ ಬಾಯಲ್ಲೇ ಮುರಿದು, ಅರ್ಧ ತುಂಡು ಕಾಕಿನೊಂದಿಗೆ ನನ್ನ ಕೈಗೆ ಬಂದಿತ್ತು. ಹೊರಗೆ ಗಟ್ಟಿಯಾಗಿ ಕಂಡಿದ್ದ ಆ ನಿಪ್ಪಲ್ ಒಳಗಿನಿಂದ ತುಕ್ಕು ತಿಂದು, ಥ್ರೆಡ್ ಇದ್ದ ಕಡೆ ರಟ್ಟಿನಷ್ಟು ತೆಳ್ಳಗಾಗಿತ್ತು. ಮುರಿದ ಬಾಯಿ ಟೈಲ್ಸಿನ ಹಿಂದಿದ್ದುದರಿಂದ ಡಮ್ಮಿ (ಪೈಪಿನ ಬಾಯಿ ಮುಚ್ಚುವ ಬಿರಡೆ) ಹಾಕಲೂ ಆಗದೆ, ಹೆಬ್ಬೆರಳಿಟ್ಟು ನೀರು ತಡೆಯುತ್ತ ನಿಂತೆ. ಮರುದಿನ ಪ್ಲಂಬರ್ ಎರಡು ಟೈಲ್ಸ್ ಒಡೆದು ಎಲ್ಬೋವನ್ನೇ ಬದಲಿಸಿದರು. ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಬೇಕು, ಆಮೇಲೂ ಅಲುಗದಿದ್ದರೆ ಟೈಲ್ಸ್ ಒಡೆಯಲು ಸಿದ್ಧರಿಲ್ಲದವರು ಅದನ್ನು ಮುಟ್ಟಲೇಬಾರದು ಎಂದು ಅವರು ಹೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಕಮೋಡ್ ಮಾತ್ರ ಸಲೀಸಾಗಿ ಎದ್ದು ಬಂದಿತ್ತು. ಅದರ ತೊಂದರೆ ಗೊತ್ತಾದದ್ದು ರಾತ್ರಿ. ಕಮೋಡಿನ ಟ್ರ್ಯಾಪ್, ಅಂದರೆ ನೀರು ನಿಲ್ಲುವ ಬಾಗಿದ ಕೊಳವೆ, ಅದರ ಮೈಯೊಳಗೇ ಇರುತ್ತದೆ, ಅಲ್ಲಿ ನಿಲ್ಲುವ ಸುಮಾರು 50 ಮಿ.ಮೀ. ಆಳದ ನೀರೇ ಚರಂಡಿಯ ಗಾಳಿಗೆ ತಡೆ. ಕಮೋಡ್ ಎತ್ತಿದೊಡನೆ ಆ ತಡೆಯೂ ಹೋಗಿ, ಹೈಡ್ರೋಜನ್ ಸಲ್ಫೈಡಿನ ಕೊಳೆತ ಮೊಟ್ಟೆಯ ವಾಸನೆ ಮನೆಯನ್ನೆಲ್ಲ ತುಂಬಿತು. ಈ ಅನಿಲ ವಿಷಕಾರಿಯಾದುದರಿಂದ, ಮೂಗು ಮುಚ್ಚಿಕೊಂಡು ಸಹಿಸುವ ಮಾತೇ ಇಲ್ಲ. ಅವಸರದಲ್ಲಿ ಪೈಪಿನ ಬಾಯಿಗೆ ತುರುಕಿದ ಹಳೆಯ ಟವೆಲ್ ಜಾರಿ ಒಳಗೆ ಬಿತ್ತು. ಎರಡನೆಯದಕ್ಕೆ ದಾರ ಕಟ್ಟಿ, ತುದಿಯನ್ನು ಹೊರಗೆ ಬಿಟ್ಟೆ. ಮೊದಲನೆಯ ಟವೆಲ್ ಹೊರಬರುವವರೆಗೆ ಹೊಸ ಕಮೋಡ್ ಮೂರು ದಿನ ಪೆಟ್ಟಿಗೆಯಲ್ಲೇ ಕಾಯಿತು.