ರೀಪರ್ 7: ಮಲೆನಾಡಿನ ಮನೆ ರೆಕಾರ್ಡಿಂಗಿಗೆ ಎಷ್ಟು ಒಗ್ಗುತ್ತದೆ?

ಬೂದುಬಣ್ಣದ ಸಪ್ಪೆ ಪರದೆ, ಇಳಿದಷ್ಟೂ ಮುಗಿಯದ ಮೆನು, ಒಳಗೆ ಒಂದು ತಂಬೂರಿಯಿಲ್ಲ, ತಬಲಾ ಇಲ್ಲ. ರೀಪರ್ ಎಂಬ ಈ ರೆಕಾರ್ಡಿಂಗ್ ಸಾಫ್ಟ್‌ವೇರ್ ತೆರೆದವರು ಮೊದಲ ದಿನವೇ ಮುಚ್ಚಿಟ್ಟರೆ ಅವರನ್ನು ದೂರುವಂತಿಲ್ಲ. ಆದರೆ ಎಂಟು ಜಿಬಿ ರ‍್ಯಾಮಿನ ಹಳೇ ಲ್ಯಾಪ್‌ಟಾಪು, ಎರಡು ಇನ್‌ಪುಟ್ಟಿನ ಆಡಿಯೊ ಇಂಟರ್‌ಫೇಸು (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ), ಒಂದೆರಡು ಮೈಕು ಇಟ್ಟುಕೊಂಡು ಮನೆಯ ಕೋಣೆಯಲ್ಲೇ ಭಾವಗೀತೆ, ಭಜನೆ, ತಾಳಮದ್ದಳೆ ರೆಕಾರ್ಡ್ ಮಾಡುವವರಿಗೆ ಈ ದುಡ್ಡಿಗೆ ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ಷರತ್ತು ಒಂದೇ: ಬಂದ ಹಾಗೇ ಬಳಸಬಾರದು. ಇದರ ಮೂಲ ಸೆಟ್ಟಿಂಗುಗಳು ಟಕ್‌ಟಕ್ ಎಂದು ಲಯ ಎಣಿಸುವ ಮೆಟ್ರೋನೋಮಿಗೆ ಕಟ್ಟುಬಿದ್ದು ನುಡಿಸುವ ಬ್ಯಾಂಡಿನವರಿಗೆ ಸರಿ. ಭಾಗವತರ ಪದಕ್ಕೆ ಅವು ನಡೆಯುವುದಿಲ್ಲ.

ಹಾಡು ಕೇಳಿಸುವ ವಿನ್ಆ್ಯಂಪ್ ಸಾಫ್ಟ್‌ವೇರ್ ಬರೆದ ಜಸ್ಟಿನ್ ಫ್ರಾಂಕೆಲ್ ಅವರ ಕಾಕೋಸ್ ಕಂಪನಿಯದು ರೀಪರ್. ಏಳನೇ ಆವೃತ್ತಿ ಬಂದದ್ದು 2023ರ ಅಕ್ಟೋಬರಿನಲ್ಲಿ. ಇನ್‌ಸ್ಟಾಲರ್ ಕೆಲವೇ ಎಂಬಿ, ಹಾಗಾಗಿ ನೆಟ್‌ವರ್ಕ್ ಎರಡು ಕಡ್ಡಿ ತೋರಿಸುವ ಊರಿನಲ್ಲೂ ಇಳಿಸಿಕೊಳ್ಳಬಹುದು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಇನ್‌ಸ್ಟಾಲ್ ಮಾಡುವಾಗ ‘ಪೋರ್ಟಬಲ್’ ಆಯ್ಕೆ ಹಾಕಿದರೆ ಪೆನ್‌ಡ್ರೈವಿನಿಂದಲೂ ನಡೆಯುತ್ತದೆ.

ರೀಪರಿಗೆ ಹೊಸದಾಗಿ ಬಂದವರೆಲ್ಲ ಮೊದಲು ಕೇಳುವುದು ‘ಟರ್‌ಟರ್’ ಸದ್ದಿನ ಬಗ್ಗೆ. ಹಾಡುತ್ತಿರುವಾಗ ಹೆಡ್‌ಫೋನಿನಲ್ಲಿ ಹುರಿದ ಹಾಗೆ ಸದ್ದು ಬರುತ್ತದೆ, ಇಲ್ಲವೇ ತಮ್ಮದೇ ದನಿ ತಡವಾಗಿ ಕೇಳುತ್ತದೆ. ಎರಡೂ ಒಂದೇ ತಕ್ಕಡಿಯ ಎರಡು ತಟ್ಟೆ: ಬಫರ್, ಅಂದರೆ ಕಂಪ್ಯೂಟರು ಒಂದು ಸಲಕ್ಕೆ ಎತ್ತಿಕೊಳ್ಳುವ ದನಿಯ ತುತ್ತು, ಚಿಕ್ಕದಾದರೆ ಟರ್‌ಟರ್, ದೊಡ್ಡದಾದರೆ ತಡ. ಕಂಟ್ರೋಲ್+ಪಿ ಒತ್ತಿ ಆಡಿಯೊ, ಅದರೊಳಗೆ ಡಿವೈಸ್ ಪುಟಕ್ಕೆ ಹೋಗಿ. ವಿಂಡೋಸ್‌ನಲ್ಲಿ ‘ವೇವ್‌ಔಟ್’ ಅಥವಾ ‘ಡೈರೆಕ್ಟ್‌ಸೌಂಡ್’ ಇದ್ದರೆ ಬದಲಿಸಿ, ಇಂಟರ್‌ಫೇಸ್ ಕಂಪನಿಯವರದೇ ಎಎಸ್‌ಐಒ ಡ್ರೈವರ್ ಹಾಕಿ. ಇಂಟರ್‌ಫೇಸೇ ಇಲ್ಲ, ಯುಎಸ್‌ಬಿ ಮೈಕು ಮಾತ್ರ ಇದೆ ಎಂದರೆ ವಿಂಡೋಸ್‌ನದೇ ವಾಸಾಪಿ ಸಾಕು. 48,000 ಸ್ಯಾಂಪಲ್ ರೇಟಿನಲ್ಲಿ (ಸೆಕೆಂಡಿಗೆ ಅಷ್ಟು ಸಲ ದನಿಯನ್ನು ಅಳೆಯುವಾಗ) 128 ಬಫರ್ ಎಂದರೆ 2.7 ಮಿಲಿಸೆಕೆಂಡು, 256 ಎಂದರೆ 5.3, 512 ಎಂದರೆ 10.7, 1024 ಎಂದರೆ 21.3. ಹೋಗುವಾಗೊಮ್ಮೆ ಬರುವಾಗೊಮ್ಮೆ ಇಷ್ಟಿಷ್ಟು ಸೇರುತ್ತದೆ, ಮೇಲೆ ಡ್ರೈವರಿನದು ಒಂದಿಷ್ಟು. ಗಾಳಿಯಲ್ಲಿ ಸದ್ದು ಹತ್ತು ಮಿಲಿಸೆಕೆಂಡಿಗೆ ಮೂರೂವರೆ ಮೀಟರಿನಷ್ಟು ಸಾಗುತ್ತದೆ, ಅಷ್ಟು ದೂರ ಹಾಡುಗಾರರಿಗೆ ತೊಂದರೆಯಲ್ಲ. ಇಪ್ಪತ್ತು ದಾಟಿದರೆ ತಾಳ ಜಾರುತ್ತದೆ. ರೆಕಾರ್ಡಿಗೆ 128 ಅಥವಾ 256, ಮಿಕ್ಸಿಂಗಿಗೆ 1024 ಇಡಿ.

256ರಲ್ಲೂ ಟರ್‌ಟರ್ ನಿಲ್ಲದಿದ್ದರೆ ಬಫರ್ ಏರಿಸುವ ಮೊದಲು ರೆಕಾರ್ಡಿಗೆ ಕೆಂಪು ಮಾಡಿದ ಟ್ರ್ಯಾಕಿನ ಮೇಲೆ ಏನೇನು ಎಫೆಕ್ಟ್ ಕೂತಿದೆ ನೋಡಿ. ರೀಪರ್ ಉಳಿದ ಟ್ರ್ಯಾಕುಗಳ ಎಫೆಕ್ಟುಗಳನ್ನು ಮುಂಚೆಯೇ ಲೆಕ್ಕಹಾಕಿ ಇಟ್ಟುಕೊಳ್ಳುತ್ತದೆ. ರೆಕಾರ್ಡಿಗೆ ಸಿದ್ಧವಾದ ಟ್ರ್ಯಾಕಿಗೆ ಆ ಸೌಲಭ್ಯ ಇಲ್ಲ, ಅಲ್ಲಿನದೆಲ್ಲ ಆ ಕ್ಷಣಕ್ಕೇ ಆಗಬೇಕು. ಅಲ್ಲಿ ಭಾರೀ ರಿವರ್ಬೋ ಪಿಚ್ ಸರಿಪಡಿಸುವ ಪ್ಲಗಿನ್ನೋ ಇದ್ದರೆ ತೆಗೆಯಿರಿ. ವ್ಯೂ ಮೆನುವಿನ ಪರ್ಫಾರ್ಮೆನ್ಸ್ ಮೀಟರಿನಲ್ಲಿ ‘ಆರ್‌ಟಿ ಸಿಪಿಯು’ ಎಂಬ ಅಂಕಿಯನ್ನು ಗಮನಿಸಿ, ಒಟ್ಟು ಸಿಪಿಯು ಕಡಿಮೆಯಿದ್ದೂ ಇದು ಏರಿದರೆ ಕಾರಣ ಅದೇ. ಇದೂ ಕಡಿಮೆ ಇದೆಯೆಂದರೆ ತಪ್ಪು ರೀಪರಿನದಲ್ಲ. ವೈ-ಫೈ ಆರಿಸಿ ನೋಡಿ. ಲ್ಯಾಪ್‌ಟಾಪಿನ ವೈ-ಫೈ ಡ್ರೈವರು ನಡುವೆ ಬಾಯಿ ಹಾಕುವುದು ತೀರಾ ಸಾಮಾನ್ಯ. ಲೇಟೆನ್ಸಿಮಾನ್ ಎಂಬ ಉಚಿತ ಸಾಧನ ಯಾವ ಡ್ರೈವರೆಂದು ಹೆಸರು ಸಮೇತ ಹೇಳುತ್ತದೆ. ಪವರ್ ಆಯ್ಕೆಗಳಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ತೆಗೆದುಹಾಕಿ.

ದನಿ ಎಡಗಿವಿಯಲ್ಲಿ ಮಾತ್ರ ಕೇಳಿದರೆ ಟ್ರ್ಯಾಕಿನ ಇನ್‌ಪುಟ್ ಸ್ಟೀರಿಯೊ ಆಗಿದೆ, ಮೋನೊ ಮಾಡಿ. ಎರಡೆರಡು ದನಿ, ಡಬ್ಬಿಯೊಳಗಿಂದ ಬಂದಂತೆ ಕೇಳಿದರೆ ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರ್ ಗುಂಡಿಯೂ ರೀಪರಿನ ಮಾನಿಟರ್ ಗುಂಡಿಯೂ ಒಟ್ಟಿಗೆ ಚಾಲೂ ಇವೆ, ಒಂದನ್ನು ಆರಿಸಿ. ರೀಪರ್ ತೆರೆದಿದ್ದಾಗ ಯೂಟ್ಯೂಬ್ ಮೂಕವಾದರೆ, ಆಡಿಯೊ ಪುಟದಲ್ಲಿ ‘ನಿಂತಿರುವಾಗ, ಬೇರೆ ಕಿಟಕಿಯಲ್ಲಿರುವಾಗ ಡಿವೈಸ್ ಬಿಟ್ಟುಕೊಡು’ ಎಂಬರ್ಥದ ಟಿಕ್ ಹಾಕಿ.

ಕರಾವೋಕೆ ಟ್ರ್ಯಾಕು ಇದ್ದಕ್ಕಿದ್ದಂತೆ ಸುಮಾರು ಒಂದೂವರೆ ಸೆಮಿಟೋನ್ (ಹಾರ್ಮೋನಿಯಮ್ಮಿನ ಒಂದು ಮನೆಯಿಂದ ಪಕ್ಕದ ಮನೆಗೆ ಒಂದು ಸೆಮಿಟೋನ್) ಮೇಲೆ ಅಥವಾ ಕೆಳಗೆ ಹೋಯಿತು ಎಂಬ ದೂರಿಗೆ ಕಾರಣ 44,100 ಮತ್ತು 48,000ದ ಜಗಳ. ಬೇರೆ ಯಾವುದೋ ಆ್ಯಪ್ ಡಿವೈಸಿನ ರೇಟು ಬದಲಿಸಿರುತ್ತದೆ. ಆಲ್ಟ್+ಎಂಟರ್ ಒತ್ತಿ ಪ್ರಾಜೆಕ್ಟಿನ ರೇಟಿಗೆ ಟಿಕ್ ಹಾಕಿ 48,000ಕ್ಕೆ ಬಿಗಿಯಿರಿ, ಡಿವೈಸ್ ಪುಟದಲ್ಲೂ ಅದನ್ನೇ ಕೇಳಿ. ಬೇಕೆಂದೇ ಶ್ರುತಿ ಇಳಿಸಬೇಕಾದರೆ, ಹಾರ್ಮೋನಿಯಮ್ಮಿನ ಬಿಳಿ ಒಂದರ ಟ್ರ್ಯಾಕನ್ನು ಕಪ್ಪು ಐದಕ್ಕೆ ತರಲು ತುಣುಕನ್ನು ಆಯ್ದು ಶಿಫ್ಟ್+9 ಎರಡು ಸಲ ಒತ್ತಿದರೆ ಸಾಕು. ಎರಡು ಮೂರು ಸೆಮಿಟೋನಿನವರೆಗೆ ಚೆನ್ನಾಗಿರುತ್ತದೆ, ಅದಕ್ಕೂ ಹೆಚ್ಚಾದರೆ ತಬಲಾ ರಟ್ಟಿನ ಹಾಗೆ ಕೇಳತೊಡಗುತ್ತದೆ.

ಇನ್ನು ಅಸಲಿ ವಿಷಯ. ಹೊಸ ಪ್ರಾಜೆಕ್ಟಿನಲ್ಲಿ ರೀಪರ್ ಪ್ರತಿ ತುಣುಕನ್ನೂ ‘ಬೀಟ್ಸ್’ ಲೆಕ್ಕದಲ್ಲಿ ಕಟ್ಟಿಹಾಕುತ್ತದೆ: ಜಾಗ, ಉದ್ದ, ವೇಗ ಮೂರೂ. ಪದವನ್ನೆಲ್ಲ ಹಾಡಿ ಮುಗಿಸಿದ ಮೇಲೆ ಯಾರೋ ಮೇಲ್ಗಡೆ 120 ಇದ್ದ ಬಿಪಿಎಮ್ಮನ್ನು (ನಿಮಿಷಕ್ಕೆ ಎಷ್ಟು ಬೀಟು ಎಂಬ ವೇಗ) 90 ಮಾಡಿದರೆ ಹಾಡಿದ್ದೂ ಅದರ ಜೊತೆ ಎಳೆದುಕೊಂಡು ನಿಧಾನವಾಗುತ್ತದೆ. ‘ಸಾಫ್ಟ್‌ವೇರ್ ಹಾಡನ್ನೇ ಕೆಡಿಸಿತು’ ಎನ್ನುವವರು ಎಡವಿದ್ದು ಇಲ್ಲಿ. ಆಲ್ಟ್+ಎಂಟರ್ ಕಿಟಕಿಯಲ್ಲಿ ತುಣುಕುಗಳ ಟೈಮ್‌ಬೇಸನ್ನು ‘ಟೈಮ್’ ಮಾಡಿ, ಆಲ್ಟ್+ಎಸ್ ಒತ್ತಿ ಸ್ನ್ಯಾಪಿಂಗ್ (ತುಣುಕುಗಳು ಗ್ರಿಡ್ಡಿನ ಗೆರೆಗೆ ಅಂಟುವುದು) ತೆಗೆಯಿರಿ, ಮೆಟ್ರೋನೋಮ್ ಮುಚ್ಚಿ. ವಿಳಂಬದಿಂದ ದ್ರುತಕ್ಕೆ ಏರುವ ಏರುಪದಕ್ಕೆ ಗ್ರಿಡ್ ಬೇಕಾಗಿಲ್ಲ. ತಾಳಕ್ಕೆ ಕಟ್ಟಿದ ಭಾವಗೀತೆಯಾದರೆ ಮಾತು ಬೇರೆ: 7/8 ಇಟ್ಟು ಮೂರು-ಎರಡು-ಎರಡಾಗಿ ಮೆಟ್ರೋನೋಮಿಗೆ ಒತ್ತು ಕೊಟ್ಟರೆ ಮಿಶ್ರಛಾಪು ಸಲೀಸು.

ಇಷ್ಟೆಲ್ಲ ಪ್ರತಿ ಸಲ ಮಾಡುವವರು ಯಾರು? ಒಮ್ಮೆ ಸರಿಮಾಡಿದ ಖಾಲಿ ಪ್ರಾಜೆಕ್ಟಿನಲ್ಲಿ ‘ಭಾಗವತಿಕೆ’, ‘ಮದ್ದಳೆ’, ‘ಚೆಂಡೆ’, ‘ಶ್ರುತಿ’ ಎಂದು ಟ್ರ್ಯಾಕು ಹೆಸರಿಸಿ, ಬಣ್ಣ ಹಚ್ಚಿ, ಇನ್‌ಪುಟ್ ಆಯ್ದು ಟೆಂಪ್ಲೇಟಾಗಿ ಉಳಿಸಿ. ಪ್ರಿಫರೆನ್ಸಸ್‌ನ ಪ್ರಾಜೆಕ್ಟ್ ಪುಟದಲ್ಲಿ ಹೊಸದಕ್ಕೆಲ್ಲ ಇದೇ ಮಾದರಿ ಎಂದು ತೋರಿಸಿ. ದಿನಾ ಬಳಸುವವರಿಗೆ ರೀಪರಿನ ಎಲ್ಲ ಕಸ್ಟಮೈಸೇಶನ್ನಿನಲ್ಲಿ ಹೆಚ್ಚು ಹೊತ್ತು ಉಳಿಸುವುದು ಇದೊಂದೇ, ಥೀಮ್ ಬದಲಾವಣೆ ಶೋಕಿಗೆ. ಅಕ್ಷರ ಚಿಕ್ಕದಾಗಿ ಕಣ್ಣು ನೋಯುವುದಾದರೆ ಮಾತ್ರ ಜನರಲ್ ಪುಟದ ‘ಅಡ್ವಾನ್ಸ್ಡ್ ಯುಐ’ ಗುಂಡಿಯೊಳಗೆ ಸ್ಕೇಲ್ 1.25 ಅಥವಾ 1.5 ಮಾಡಿ. ಪ್ರಶ್ನಾರ್ಥಕ ಚಿಹ್ನೆ ಒತ್ತಿದರೆ ತೆರೆಯುವ ಆಕ್ಷನ್ ಲಿಸ್ಟಿನಲ್ಲಿ ನಾಲ್ಕೈದು ಕೆಲಸ ಪೋಣಿಸಿ ಒಂದೇ ಕೀಲಿಗೆ ಕೊಡಬಹುದು. ಉದಾಹರಣೆಗೆ ನಿಲ್ಲಿಸು, ಉಳಿಸು, ಪ್ರಾಜೆಕ್ಟಿನ ಕೊನೆಗೆ ಹೋಗು. ಎಸ್‌ಡಬ್ಲ್ಯುಎಸ್ ಮತ್ತು ರೀಪ್ಯಾಕ್ ಎಂಬ ಹೊರಗಿನ ಎಕ್ಸ್‌ಟೆನ್ಶನ್ನುಗಳನ್ನು ಸೇರಿಸಿದರೆ ಪಟ್ಟಿ ಇನ್ನೂ ಬೆಳೆಯುತ್ತದೆ, ಹೊಸಬರು ಮೊದಲ ತಿಂಗಳು ಅತ್ತ ಹೋಗದಿದ್ದರೇ ಕ್ಷೇಮ. ಎಲ್ಲ ಹದಕ್ಕೆ ಬಂದ ಮೇಲೆ ಜನರಲ್ ಪುಟದಿಂದ ಎಕ್ಸ್‌ಪೋರ್ಟ್ ಕಾನ್ಫಿಗರೇಶನ್ ಮಾಡಿ ಫೈಲನ್ನು ಬೇರೆ ಕಡೆ ಇಟ್ಟುಕೊಳ್ಳಿ. ಲ್ಯಾಪ್‌ಟಾಪ್ ಕೆಟ್ಟರೆ ಹೊಸದರಲ್ಲಿ ಅದನ್ನು ಇಂಪೋರ್ಟ್ ಮಾಡಿದರೆ ಹಳೇ ಮನೆ ಹಾಗೇ ಸಿಗುತ್ತದೆ.

ರಾತ್ರಿಯಿಡೀ ನಡೆಯುವ ಯಕ್ಷಗಾನ ಪ್ರಸಂಗ ರೆಕಾರ್ಡ್ ಮಾಡುವವರು ಲೆಕ್ಕ ಹಾಕಿಯೇ ಕೂರಬೇಕು. 24 ಬಿಟ್, 48,000ದಲ್ಲಿ ಒಂದು ಮೋನೊ ಟ್ರ್ಯಾಕಿಗೆ ಗಂಟೆಗೆ ಸುಮಾರು 520 ಎಂಬಿ. ನಾಲ್ಕು ಟ್ರ್ಯಾಕಿನಲ್ಲಿ ಆರು ಗಂಟೆ ಎಂದರೆ ಹನ್ನೆರಡೂವರೆ ಜಿಬಿ. ಸಾದಾ ವೇವ್ ಫೈಲಿನ ಮಿತಿ 4 ಜಿಬಿ, ಸ್ಟೀರಿಯೊ ಆದರೆ ನಾಲ್ಕು ಗಂಟೆ ಎಂಟು ನಿಮಿಷಕ್ಕೆ ಮುಟ್ಟಿಬಿಡುತ್ತದೆ. ಅದಕ್ಕೆ ಪ್ರಾಜೆಕ್ಟ್ ಸೆಟ್ಟಿಂಗಿನ ಮೀಡಿಯಾ ಪುಟದಲ್ಲಿ ದೊಡ್ಡ ಫೈಲಿಗೆ ಆರ್‌ಎಫ್64 ಆಯ್ಕೆ ಇರಲಿ, ಜೊತೆಗೆ ಇಷ್ಟು ಎಂಬಿಗೊಮ್ಮೆ ಹೊಸ ಫೈಲ್ ಶುರುಮಾಡು ಎಂಬ ರೆಕಾರ್ಡಿಂಗ್ ಆಯ್ಕೆಯನ್ನೂ ಹಾಕಿ. ಕರೆಂಟು ಕೈಕೊಟ್ಟರೆ ಹೋಗುವುದು ಕೊನೆಯ ತುಂಡು ಮಾತ್ರ. ಲೆವೆಲ್ಲನ್ನು ಚೌಕಿಯ ಪೂಜೆಯ ಹೊತ್ತಿಗೆ ನೋಡಿ ಪ್ರಯೋಜನವಿಲ್ಲ. ಯುದ್ಧದ ಪದಕ್ಕೆ ಬಾರಿಸುವ ಹಾಗೆ ಚೆಂಡೆಯವರಿಂದ ಒಮ್ಮೆ ಬಾರಿಸಿಸಿ, ತುದಿ ಮೈನಸ್ 12 ಡಿಬಿ ದಾಟದಂತೆ ಗೇನ್ ಇಡಿ. ಇಂಟರ್‌ಫೇಸಿನ ಪ್ರೀಆಂಪಿನಲ್ಲೇ ಒಡೆದ ಸದ್ದನ್ನು ರೀಪರಿನ ಯಾವ ಲಿಮಿಟರೂ ಕೂಡಿಸಲಾರದು.

ಕರೆಂಟಿನ ವಿಷಯ ಬಂತಲ್ಲ. ಪ್ರಿಫರೆನ್ಸಸ್‌ನ ಪ್ರಾಜೆಕ್ಟ್ ವಿಭಾಗದಲ್ಲಿ ಐದು ನಿಮಿಷಕ್ಕೊಮ್ಮೆ ಆಟೋಸೇವ್, ರೆಕಾರ್ಡ್ ಆಗುತ್ತಿರುವಾಗಲೂ ಎಂದು ಇಡಿ. ಡೆಸ್ಕ್‌ಟಾಪ್ ಧಡಕ್ಕೆಂದು ಆರಿದರೂ ಅಲ್ಲಿಯವರೆಗಿನ ದನಿ ಬಹುಮಟ್ಟಿಗೆ ಮೀಡಿಯಾ ಫೋಲ್ಡರಿನಲ್ಲೇ ಇರುತ್ತದೆ, ಪ್ರಾಜೆಕ್ಟಿನಲ್ಲಿ ಕಾಣದಿದ್ದರೆ ಫೈಲನ್ನು ಎಳೆದು ಹಾಕಿ. ಉದ್ದ ಸೊನ್ನೆ ಎಂದು ತೋರಿಸಿದರೆ ಮುಗಿಯಿತೆಂದು ಅಳಿಸಬೇಡಿ. ಫೈಲಿನ ತಲೆಬರಹದಲ್ಲಿ ಉದ್ದ ಬರೆಯುವ ಮೊದಲೇ ಯಂತ್ರ ಆರಿದೆ ಅಷ್ಟೆ. ಆಡಾಸಿಟಿ ಎಂಬ ಇನ್ನೊಂದು ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಇಂಪೋರ್ಟ್, ರಾ ಡೇಟಾ ಎಂದು ಹೋಗಿ 24 ಬಿಟ್, ಲಿಟಲ್ ಎಂಡಿಯನ್, ಮೋನೊ, 48,000 ಕೊಡಿ. ಬರೀ ಬುಸ್ಸೆಂದರೆ ಬೈಟುಗಳು ಸಾಲು ತಪ್ಪಿವೆ, ಸ್ಟಾರ್ಟ್ ಆಫ್‌ಸೆಟ್ 1 ಅಥವಾ 2 ಮಾಡಿ ನೋಡಿ. ದುಪ್ಪಟ್ಟು ವೇಗದಲ್ಲಿ ಓಡಿದರೆ ಮೋನೊ ಬದಲು ಸ್ಟೀರಿಯೊ ಕೊಟ್ಟಿದ್ದೀರಿ.

‘ಹೂಂ’ ಎಂಬ ಸದ್ದು 50 ಹರ್ಟ್ಸಿನದು, ಅದರ ಮೇಲೆ 100, 150. ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿದಾಗ ನಿಂತರೆ ಅರ್ಥಿಂಗ್ ಸರಿಯಿಲ್ಲ. ಮುಖ್ಯ ಟೇಕುಗಳನ್ನು ಬ್ಯಾಟರಿಯಲ್ಲೇ ಮಾಡಿ, ಪವರ್ ಮೋಡ್ ಬೆಸ್ಟ್ ಪರ್ಫಾರ್ಮೆನ್ಸ್ ಇರಲಿ. ಸ್ಕ್ವೇರ್ ವೇವ್ ಇನ್ವರ್ಟರಿನ ಮೇಲೆ ಬರುವ ಜೀರುಂಡೆ ಸದ್ದಿಗೆ ಸೈನ್ ವೇವ್ ಇನ್ವರ್ಟರ್ ಒಂದೇ ಔಷಧಿ. ಗುಡುಗು ಶುರುವಾದರೆ ಮೋಡೆಮ್ಮಿನ ಲ್ಯಾನ್ ಕೇಬಲ್ ಸಮೇತ ಎಲ್ಲ ಕಿತ್ತಿಡಿ, ಸಿಡಿಲು ಆ ದಾರಿಯಲ್ಲೂ ಬರುತ್ತದೆ.

ಮಳೆಗೆ ರೀಪರಿನಲ್ಲಿ ಮದ್ದಿದೆಯೇ? ಅರ್ಧ. ಇದರೊಳಗಿನ ರೀಎಫ್‌ಐಆರ್ ಪ್ಲಗಿನ್ನನ್ನು ಸಬ್‌ಟ್ರಾಕ್ಟ್ ಮೋಡಿಗೆ ಹಾಕಿ, ಎಫ್‌ಎಫ್‌ಟಿ 4096 ಇಟ್ಟು, ಹಾಡಿಲ್ಲದ ಎರಡು ಸೆಕೆಂಡು ಸದ್ದನ್ನು ಲೂಪಿನಲ್ಲಿ ಓಡಿಸುತ್ತಾ ‘ಆಟೋಮ್ಯಾಟಿಕಲಿ ಬಿಲ್ಡ್ ನಾಯ್ಸ್ ಪ್ರೊಫೈಲ್’ ಟಿಕ್ ಹಾಕಿ. ಕೆಂಪು ಗೆರೆ ನೆಲೆನಿಂತ ಕೂಡಲೇ ಟಿಕ್ ತೆಗೆಯಬೇಕು. ಮರೆತು ಹಾಡನ್ನೂ ಓಡಿಸಿದರೆ ಅದು ಹಾಡನ್ನೇ ಗದ್ದಲವೆಂದು ಕಲಿತು ನುಂಗುತ್ತದೆ. ಫ್ಯಾನು, ಫ್ರಿಜ್ಜು, ದೂರದ ಮಿಲ್ಲಿನ ಸದ್ದಿಗೆ ಇದು ಅದ್ಭುತ. ಹಂಚಿನ ಮಾಡಿನ ಮೇಲೆ ಒಂದೇ ಸಮ ಸುರಿಯುವ ಜಡಿಮಳೆಗೂ ಒಂದಿಷ್ಟು ನಡೆಯುತ್ತದೆ. ತಗಡಿನ ಶೀಟಿನ ಮೇಲೆ ಏರಿಳಿಯುತ್ತಾ ಬೀಳುವ ಮಳೆಗೆ ಆಗುವುದಿಲ್ಲ, ಯಾಕೆಂದರೆ ಕಲಿತ ಗದ್ದಲ ಒಂದು, ಮುಂದಿನ ಕ್ಷಣದ ಗದ್ದಲ ಇನ್ನೊಂದು. ದನಿ ನೀರೊಳಗಿಂದ ಬಂದಂತಾಗುತ್ತದೆ. ವರ್ಷಕ್ಕೆ 7,000 ಮಿಲಿಮೀಟರು ದಾಟುವ ಆಗುಂಬೆಯಲ್ಲಿ ಆಷಾಢದಲ್ಲಿ ಕೂತು ಕಂಡೆನ್ಸರ್ ಮೈಕಿನಲ್ಲಿ ರೆಕಾರ್ಡ್ ಮಾಡುತ್ತೇನೆಂಬ ಹಟ ಬೇಡ. ಎಸ್‌ಎಂ58 ಥರದ ಡೈನಮಿಕ್ ಮೈಕನ್ನು ಬಾಯಿಗೆ ನಾಲ್ಕು ಬೆರಳು ದೂರ ಹಿಡಿದು ಹಾಡಿ, 80 ಹರ್ಟ್ಸಿನ ಕೆಳಗಿನದನ್ನು ರೀಪರಿನ ಈಕ್ವಲೈಸರ್ ಆದ ರೀಇಕ್ಯುನಲ್ಲಿ ಕತ್ತರಿಸಿ. ಕಂಡೆನ್ಸರ್ ಕ್ಯಾಪ್ಸೂಲಿಗೆ ತೇವ ಸೇರಿದರೆ ಚಟ್‌ಪಟ್ ಎನ್ನುತ್ತದೆ, ಜನ ಅದನ್ನು ಕೇಬಲ್ಲಿನ ಮೇಲೆ ಹಾಕುತ್ತಾರೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟರೆ ಬಹುಪಾಲು ವಾಪಸು ಬರುತ್ತದೆ.

ಸಾಗರದಲ್ಲಿ ಹಾಡಿ ಶಿವಮೊಗ್ಗದಲ್ಲಿ ಮಿಕ್ಸ್ ಮಾಡಿಸುವವರು ರೀಪರ್ ಪ್ರಾಜೆಕ್ಟಿನ ಆರ್‌ಪಿಪಿ ಫೈಲೊಂದನ್ನೇ ವಾಟ್ಸಾಪಿನಲ್ಲಿ ಕಳಿಸುತ್ತಾರೆ. ಅದರಲ್ಲಿ ದನಿ ಇರುವುದಿಲ್ಲ, ದನಿ ಎಲ್ಲಿದೆ ಎಂಬ ವಿಳಾಸ ಮಾತ್ರ ಇರುತ್ತದೆ. ಸೇವ್ ಆ್ಯಸ್ ಕಿಟಕಿಯಲ್ಲಿ ಹೊಸ ಫೋಲ್ಡರ್ ಮಾಡು, ಎಲ್ಲ ಮೀಡಿಯಾವನ್ನೂ ಅಲ್ಲಿಗೆ ನಕಲು ಮಾಡು ಎಂಬ ಎರಡೂ ಟಿಕ್ ಹಾಕಿ, ಇಡೀ ಫೋಲ್ಡರನ್ನು ಜಿಪ್ ಮಾಡಿ ಕಳಿಸಿ. ಪ್ರಾಜೆಕ್ಟನ್ನು ಡಾಕ್ಯುಮೆಂಟ್ಸ್‌ನೊಳಗೆ ಇಡಬೇಡಿ, ಒನ್‌ಡ್ರೈವ್ ಅದನ್ನು ಹಿಂದಿನಿಂದ ಎಳೆದಾಡುತ್ತಿರುತ್ತದೆ. ತೆರೆಯುವಾಗಲೇ ಕುಸಿದುಬೀಳುವ ಪ್ರಾಜೆಕ್ಟಿಗೆ ಓಪನ್ ಕಿಟಕಿಯಲ್ಲಿ ‘ಎಫ್‌ಎಕ್ಸ್ ಆಫ್‌ಲೈನ್’ ಟಿಕ್ ಹಾಕಿ ತೆರೆದು, ಪ್ಲಗಿನ್ನುಗಳನ್ನು ಒಂದೊಂದಾಗಿ ಎಬ್ಬಿಸಿದರೆ ಕಳ್ಳ ಸಿಗುತ್ತಾನೆ.

ಕೊರತೆಗಳು ಇಲ್ಲದಿಲ್ಲ. ವಾದ್ಯಗಳಿಲ್ಲ. ರೀಸ್ಯಾಂಪ್ಲೋಮ್ಯಾಟಿಕ್ ಎಂಬುದರೊಳಗೆ ನಿಮ್ಮದೇ ಮದ್ದಳೆಯ ಪೆಟ್ಟುಗಳನ್ನು ತುಂಬಿಸಿಕೊಳ್ಳಬಹುದು, ಆದರೆ ಅಷ್ಟು ತಾಳ್ಮೆ ಎಲ್ಲರಿಗಿಲ್ಲ. ಕೂತ ಕೂಡಲೇ ರೆಡಿಮೇಡ್ ಬೀಟು ಬೇಕೆನ್ನುವ ಮ್ಯಾಕ್ ಮಾಲೀಕರಿಗೆ ಗ್ಯಾರೇಜ್‌ಬ್ಯಾಂಡ್ ಪುಕ್ಕಟೆಯಾಗಿದೆ. ಬರೀ ಮಾತು ರೆಕಾರ್ಡ್ ಮಾಡಿ ಕತ್ತರಿಸುವವರಿಗೆ ಆಡಾಸಿಟಿ ಸಾಕು.

ಬೆಲೆ: 60 ದಿನ ಪೂರ್ತಿ ಸೌಲಭ್ಯದೊಂದಿಗೆ ಉಚಿತ. ಆಮೇಲೂ ನಿಲ್ಲುವುದಿಲ್ಲ, ತೆರೆದಾಗಲೆಲ್ಲ ಕೆಲವು ಸೆಕೆಂಡು ಕಾಯಿಸಿ ನೆನಪಿಸುತ್ತದೆ. ಸ್ವಂತಕ್ಕೆ ಬಳಸುವವರಿಗೆ, ವರ್ಷದ ಆದಾಯ 20,000 ಡಾಲರ್ ದಾಟದ ಸಣ್ಣ ಸ್ಟುಡಿಯೊಗಳಿಗೆ ಲೈಸೆನ್ಸ್ 60 ಡಾಲರ್, ನಮ್ಮಲ್ಲಿ ಐದು ಸಾವಿರ ರೂಪಾಯಿಯ ಮೇಲೆ. ಉಳಿದವರಿಗೆ 225 ಡಾಲರ್. ಈಗ ಕೊಂಡರೆ ಆವೃತ್ತಿ 8.99ರವರೆಗೂ ನಡೆಯುತ್ತದೆ. ಪಾವತಿ ಆಗದಿದ್ದರೆ ಬ್ಯಾಂಕಿನ ಆ್ಯಪ್ ತೆರೆದು ಕಾರ್ಡಿನ ಅಂತರರಾಷ್ಟ್ರೀಯ ಆನ್‌ಲೈನ್ ವಹಿವಾಟನ್ನು ಚಾಲೂ ಮಾಡಿ, ಮಿತಿ ಏರಿಸಿ, ಕೊಂಡ ಮೇಲೆ ಮತ್ತೆ ಮುಚ್ಚಿ.