ದುಬೈಗೆ ಹೊರಟವರಿಗೆ: ಫಾರೆಕ್ಸ್ ಕಾರ್ಡಾ, ಕ್ರೆಡಿಟ್ ಕಾರ್ಡಾ?

ಕಲಬುರಗಿಯಿಂದ ದುಬೈಗೆ ಮಗಳ ಮನೆಗೆ ಹೊರಟಿದ್ದೀರಾ? ಬ್ಯಾಗಿಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ ತುಂಬುವ ಮೊದಲು ಕಾರ್ಡಿನ ವಿಚಾರ ಮುಗಿಸಿ.

ದಿನದ ಖರ್ಚಿಗೆ ನನ್ನ ಓಟು ಫಾರೆಕ್ಸ್ ಕಾರ್ಡಿಗೆ. ಇದು ಅಲ್ಲಿನ ಹಣ ದಿರ್ಹಮನ್ನು ಮೊದಲೇ ತುಂಬಿಸಿಕೊಳ್ಳುವ ಕಾರ್ಡ್. ತುಂಬಿಸಿದ ದಿನದ ದರವೇ ಗಟ್ಟಿ, ಆಮೇಲೆ ರೂಪಾಯಿ ಬಿದ್ದರೂ ಚಿಂತೆಯಿಲ್ಲ. ಉಳಿದದ್ದನ್ನು ವಾಪಸ್ ರೂಪಾಯಿ ಮಾಡಿಸುವಾಗ ಮಾತ್ರ ಸ್ವಲ್ಪ ಲುಕ್ಸಾನು.

ಕ್ರೆಡಿಟ್ ಕಾರ್ಡ್ ಹೋಟೆಲ್ ಡಿಪಾಸಿಟ್‌ಗೆ ಸಲೀಸು. ಆದರೆ ಬಹಳಷ್ಟು ಕಾರ್ಡ್‌ಗಳಲ್ಲಿ ಶೇ 3.5ರವರೆಗೆ ಮಾರ್ಕಪ್ (ವಿದೇಶಿ ಹಣದ ವ್ಯವಹಾರಕ್ಕೆ ಬ್ಯಾಂಕ್ ಹಾಕುವ ಹೆಚ್ಚುವರಿ ಶುಲ್ಕ), ಅದರ ಮೇಲೆ ಶೇ 18 ಜಿಎಸ್‌ಟಿ. ಅಂದರೆ 10,000 ರೂಪಾಯಿ ಖರೀದಿಗೆ 413ರವರೆಗೆ ಸುಮ್ನೆ ಹೋಯ್ತು. ಕ್ರೆಡಿಟ್ ಕಾರ್ಡ್ ಹಾಕಿ ಎಟಿಎಂನಲ್ಲಿ ನಗದಂತೂ ತೆಗೆಯಬೇಡಿ, ಅಂದಿನಿಂದಲೇ ಬಡ್ಡಿ.

ನಾನು ಹೋದಾಗ ಅಲ್ಲಿನ ಅಂಗಡಿಯ ಕಾರ್ಡ್ ಮಷಿನ್ ‘ರೂಪಾಯಿನಾ, ದಿರ್ಹಮಾ?’ ಎಂದು ಕೇಳಿತ್ತು. ನಮ್ಮ ದುಡ್ಡಲ್ವಾ ಅಂತ ರೂಪಾಯಿ ಒತ್ತಿ, ಅವರು ಹಾಕಿದ ದುಬಾರಿ ದರಕ್ಕೆ ಜಾಸ್ತಿ ತೆತ್ತೆ. ನೀವು ದಿರ್ಹಮನ್ನೇ ಒತ್ತಿ.